‘ಬಂದಾರು’ ಎಂದು ಇಂಗ್ಲಿಷಿನಲ್ಲಿ ಹೇಳಲು ಹೋಗಿ

ಕಾಡಂಚಿನ ನಮ್ಮ ಮನೆಯಲ್ಲಿ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟಿದ್ದೇವೆ. ಅಡುಗೆ ಅತ್ತೆಯದು, ಇಂಗ್ಲಿಷ್ ಮಾತು ನನ್ನದು. ಕಳೆದ ಚಳಿಗಾಲದಲ್ಲಿ ವಿದೇಶದಿಂದ ವಯಸ್ಸಾದ ದಂಪತಿ ಬಂದಿದ್ದರು. ಒಂದು ಬೆಳಿಗ್ಗೆ ಹೆಂಡತಿ ಎದ್ದಾಗ ಗಂಡ ಕೋಣೆಯಲ್ಲಿರಲಿಲ್ಲ. ಕ್ಯಾಮೆರಾ, ಬೂಟು ಕಾಣಲಿಲ್ಲ. ಫೋನು ಮಾತ್ರ ದಿಂಬಿನ ಪಕ್ಕದಲ್ಲಿತ್ತು.

ನಡೆದುಕೊಂಡು ಹೊರಗೆ ಹೋಗಬೇಡಿ ಎಂದು ಹಿಂದಿನ ದಿನವೇ ಹೇಳಿದ್ದೆ. ಹಳ್ಳದ ಕಡೆ ಒಂಟಿ ಆನೆಯೊಂದು ಓಡಾಡುತ್ತಿತ್ತು. ನನ್ನ ಗಂಡ ಜೀಪು ತೆಗೆದುಕೊಂಡು ಹುಡುಕಲು ಹೊರಟರು. ಆಕೆ ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ, ಅವರು ಬರುತ್ತಾರಲ್ಲವೇ ಎಂದು ನನ್ನನ್ನು ಕೇಳಿದರು.

ನನ್ನ ಮನಸ್ಸಿಗೆ ಬಂದದ್ದು ‘ಬಂದಾರು’. ಅದನ್ನೇ ಇಂಗ್ಲಿಷಿಗೆ ತಂದೆ: “ಹಿ ಮೇ ಕಮ್.”

ಆಕೆ ನಿಂತುಬಿಟ್ಟರು. “ಮೇ?”

ಗಾಬರಿಯಾಗಿ ‘ಮೈಟ್’ ಅಂದೆ. ಆಕೆ ಕುರ್ಚಿಯಲ್ಲಿ ಕುಸಿದು ಅಳತೊಡಗಿದರು. ಮೇ, ಮೈಟ್, ಮಸ್ಟ್ ಎಲ್ಲವನ್ನೂ ಶಾಲೆಯಲ್ಲಿ ಕಲಿತು ಪರೀಕ್ಷೆಯಲ್ಲಿ ಬರೆದವಳು ನಾನು. ಎದುರಿಗೊಬ್ಬರು ನನ್ನ ತುಟಿಯನ್ನೇ ನೋಡುತ್ತ ಕುಳಿತಾಗ ಒಂದೂ ನೆಟ್ಟಗೆ ಬರಲಿಲ್ಲ. ಬಂದೇ ಬರುತ್ತಾರೆ ಎನ್ನೋಣವೆಂದರೆ, ಅದು ನನಗೇ ಗೊತ್ತಿಲ್ಲ.

“ಏನ್ ಹೇಳ್ದೆ ಅವ್ರಿಗೆ? ಯಾಕ್ ಅಳ್ತಾವ್ರೆ?” ಅತ್ತೆ ಒಳಗಿಂದ ಬಂದರು.

“ಬಂದಾರು ಅಂದೆ, ಅತ್ತೆ.”

“ಒಳ್ಳೇದೇ ಹೇಳಿದ್ದೀಯಲ್ಲ!”

ಅತ್ತೆ ಆಕೆಯ ಕೈ ಹಿಡಿದುಕೊಂಡು ಪಕ್ಕದಲ್ಲಿ ಕುಳಿತರು. ನನಗೆ ಕೂರಲಾಗಲಿಲ್ಲ. ಗೇಟಿಗೆ ಹೋದೆ, ಬಂದೆ. ಗಂಡನಿಗೆ ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಒಲೆಯ ಮೇಲೆ ಹಾಲು ಉಕ್ಕಿತು. ಒರೆಸಲು ಹೋದವಳು ಬಟ್ಟೆ ಹಿಡಿದುಕೊಂಡೇ ಮತ್ತೆ ಗೇಟಿಗೆ ಬಂದು ನಿಂತಿದ್ದೆ.

ಬಿಸಿಲೇರಿದ ಮೇಲೆ ಜೀಪು ಬಂತು. ಆಕೆಯ ಗಂಡ ಇಳಿದರು, ಪ್ಯಾಂಟಿನ ತುಂಬ ಮುಳ್ಳು. ಆನೆ ದಾರಿಗೆ ಅಡ್ಡ ನಿಂತಿದ್ದರಿಂದ ಅರ್ಧ ಕಟ್ಟಿದ ಮನೆಯೊಂದರ ತಾರಸಿ ಹತ್ತಿ ಕುಳಿತಿದ್ದರಂತೆ. ಆಕೆ ಗಂಡನನ್ನು ಬೈದರು, ಭುಜಕ್ಕೆ ಹೊಡೆದರು, ಆಮೇಲೆ ಅಪ್ಪಿಕೊಂಡರು.

ಮಧ್ಯಾಹ್ನ ನನ್ನನ್ನು ಕರೆದು, ನೀವು ‘ಮೇ’ ಅಂದಾಗ ಬರುವುದಿಲ್ಲ ಅಂತಲೇ ಕೇಳಿಸಿತು, ‘ಹಿ ಶುಡ್ ಬಿ ಬ್ಯಾಕ್ ಸೂನ್’ ಅನ್ನಬೇಕಿತ್ತು ಎಂದರು. ನನ್ನ ಕಿವಿಗೆ ‘ಶುಡ್’ ಮೇಷ್ಟರ ಅಪ್ಪಣೆಯಂತೆ ಕೇಳಿತು. ಹಾಗೆಂದೆ. ಇಬ್ಬರೂ ನಕ್ಕೆವು.

ಮಾರನೆಯ ಬೆಳಗಾಗುವಾಗ ಜಗಲಿಯಲ್ಲಿ ಮತ್ತೆ ಬೂಟಿನ ಸದ್ದು. ಧಡಕ್ಕನೆ ಎದ್ದು ಓಡಿದೆ. ಆತ ಕ್ಯಾಮೆರಾ ಹಿಡಿದು ಗೇಟಿನ ಮುಂದೆ ನಿಂತಿದ್ದರು. ಗೇಟಿಗೆ ಬೀಗ. ಅತ್ತೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆತನ ಕಡೆ ನೋಡದೆ, ಅಂಗಳ ಗುಡಿಸುತ್ತಿದ್ದರು.