ನೀರು ಮುಟ್ಟದ ಕಾಜಾ ಅಕ್ಕ

"ಅವಳಿಗೆ ಎಲ್ಲಿಲ್ಲದ ಜಂಬ ಕಣ್ರೀ, ಯಾರ ಮನೆಗೆ ಬಂದ್ರೂ ಒಂದು ಲೋಟ ನೀರು ಮುಟ್ಟಲ್ಲ" ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಊರಿನ ಸುದ್ದಿಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವ ಈ ಮಹಾತಾಯಿಯರಿಗೆ ಪಕ್ಕದ ಮನೆಯವಳ ಸಂಕಟ ಮಾತ್ರ ತಿಳಿದಿರಲಿಲ್ಲ.

ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹೊಲಿಯುವುದು ಅವಳ ಕೆಲಸ. ಅದಕ್ಕೇ ಕಾಜಾ ಅಕ್ಕ. ಗರ್ಭಕೋಶ ತೆಗೆಸಿದ ಮೇಲೆ ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ಮೂತ್ರ ಜಿನುಗುತ್ತಿತ್ತು. ಎಂಟು ಮನೆಗೆ ಒಂದೇ ಕಕ್ಕಸು, ಅದೂ ಓಣಿಯ ತುದಿಯಲ್ಲಿ. ಸರದಿ ಬರುವಷ್ಟರಲ್ಲಿ ಸೀರೆ ಒದ್ದೆ. ಅದಕ್ಕೆ ಅವಳು ನೀರನ್ನೇ ಬಿಟ್ಟಳು: ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ.

ಗಂಡ ಗಡಿಯಾರ ರಿಪೇರಿಯವನು. ಕೂದಲೆಳೆಯಂಥ ಮುಳ್ಳು ಎಲ್ಲಿ ಸಿಕ್ಕಿಕೊಂಡಿದೆಯೆಂದು ಭೂತಗನ್ನಡಿ ಹಿಡಿದು ಹುಡುಕುವ ಮಹಾಶಯನಿಗೆ ನೀರಿಲ್ಲದೆ ಒಡೆದ ಹೆಂಡತಿಯ ತುಟಿ ಕಾಣಲಿಲ್ಲ. ಮೂಗು ಮಾತ್ರ ಬಲು ಚುರುಕು. "ನಾತ ಹೊಡೀತಿದೆ, ಜಗಲಿ ಮೇಲೆ ಮಲಕ್ಕೋ" ಅಂದ.

ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು.

"ನೀರು ಎಷ್ಟು ಕುಡೀತೀರಿ?" ನರ್ಸಮ್ಮ ಕೇಳಿದಳು.

"ಕುಡಿದ್ರೆ ತಾನೇ ಬರೋದು."

"ಚೆನ್ನಾಗಿದೆ ನಿಮ್ಮ ಬುದ್ಧಿವಂತಿಕೆ. ನೀರು ಬಿಟ್ರೆ ಮೂತ್ರ ಗಾಢ ಆಗಿ ಮೂತ್ರದ ಚೀಲ ಕೆರಳುತ್ತೆ ಅಕ್ಕ, ಇನ್ನೂ ಅವಸರ ಮಾಡುತ್ತೆ."

ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವುದನ್ನು ನರ್ಸಮ್ಮ ಕಲಿಸಿಕೊಟ್ಟಳು. ದಿನಕ್ಕೆ ಮೂರು ಸಲ, ಮೂರು ತಿಂಗಳು ಬಿಡದೆ ಮಾಡಬೇಕು, ನೀರು ಕುಡಿಯಬೇಕು, ಹೊತ್ತುಹೊತ್ತಿಗೆ ಕಕ್ಕಸಿಗೆ ಹೋಗಬೇಕು.

ಎರಡು ಬೀದಿ ಆಚೆ, ಒಳಗೇ ಕಕ್ಕಸು ಇರುವ ಒಂದು ಕೋಣೆಯನ್ನು ಅವಳು ಹುಡುಕಿದಳು. "ಇಬ್ರೂ ಅಲ್ಲಿಗೆ ಹೋಗೋಣ" ಅಂದಳು.

"ಉಚ್ಚೆ ಹೊಯ್ಯೋಕೆ ಮನೆ ಬದಲಾಯಿಸಿದ್ರು ಅಂತ ಜನ ನಗಲ್ವಾ? ನನ್ನ ಮರ್ಯಾದೆ ಏನಾಗ್ಬೇಕು?"

"ನಿಮ್ಮ ಮರ್ಯಾದೆ ಕಕ್ಕಸಿನ ಸಾಲಲ್ಲಿ ನಿಲ್ಲಲ್ಲ. ನಿಲ್ಲೋಳು ನಾನು."

"ಹೋಗೋದಾದ್ರೆ ಒಬ್ಳೇ ಹೋಗು. ತಿರುಗಿ ಈ ಕಡೆ ತಲೆ ಹಾಕ್ಬೇಡ."

ಹೆದರಿಸಿಬಿಟ್ಟೆ ಎಂದುಕೊಂಡ, ಪಾಪ.

ಮಾರನೆಯ ಬೆಳಿಗ್ಗೆ ಕೈಗಾಡಿಯವನು ಬಂದು ಹೊಲಿಗೆ ಯಂತ್ರ ಎತ್ತಿಟ್ಟ. ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೇ ಕೂತಿದ್ದ. ಯಾರದೋ ಗಡಿಯಾರದ ಹೊಟ್ಟೆ ಬಗೆಯುತ್ತಿದ್ದ.

"ಗಂಡನ್ನ ಬಿಟ್ಟು ಎಲ್ಲಿಗೇ ಹೊರಟೆ?" ಕಕ್ಕಸಿನ ಸಾಲಿನಿಂದ ಎದುರುಮನೆಯವಳು ಕೇಳಿದಳು.

"ಕಕ್ಕಸಿರೋ ಮನೆಗೆ" ಎಂದಳು ಕಾಜಾ ಅಕ್ಕ, ಓಣಿಗೆಲ್ಲ ಕೇಳುವ ಹಾಗೆ.

ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಕಿಸಿಕಿಸಿ ನಕ್ಕರು. ನಕ್ಕವರಲ್ಲಿ ಮೂವರು ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದರು. ಅವಳು ಅದನ್ನು ನೋಡಿದಳು. ಬಟ್ಟೆಗಂಟು ಗಾಡಿಗೆ ಹಾಕಿ ಓಣಿ ದಾಟಿದಳು.