ಊರಮ್ಮನ ಬಲ ಯಾವ ಕಡೆ?

ಮೊನ್ನೆ ಶುಕ್ರವಾರ ರಾಯಕೋಟೆ ಹತ್ತಿರ ನಮ್ಮ ಊರಮ್ಮನ ಗುಡಿಯಲ್ಲಿ, ಒಂದು ಹೂವು ಬೀಳುವುದನ್ನೇ ಕಾಯುತ್ತಾ ಕೈಮುಗಿದು ನಿಂತಿದ್ದೆ. ಹೂವು ಬಿತ್ತು. ಬಿದ್ದ ಮೇಲೆಯೇ ನನ್ನ ತಲೆ ಕೆಟ್ಟಿದ್ದು.

ವಿಷಯ ಇಷ್ಟೇ. ನನ್ನ ಅಕ್ಕನ ಮಗಳು ಸುಮಾ ಸರ್ಕಾರಿ ಕಾಲೇಜಿನಲ್ಲಿ ಬಯಾಲಜಿ ಡಿಗ್ರಿ ಮುಗಿಸಿದ್ದಾಳೆ. ಮುಂದೇನು? ಉತ್ತರ ಗೊತ್ತಿಲ್ಲದ ನೆಂಟರೇ ಇಲ್ಲ! ಬಿ.ಎಡ್. ಮಾಡಿಸಿ ಅಂದರು ಒಬ್ಬರು. ಆಸ್ಪತ್ರೆ ಲ್ಯಾಬ್‌ಗೆ ಸೇರಿಸಿ ಅಂದರು ಇನ್ನೊಬ್ಬರು. ಪಕ್ಕದ ಮನೆಯಾಕೆ ಊದಿದ ಕಾಲು ತೋರಿಸಿ ಮಾತ್ರೆ ಕೇಳಿದರು. (ಡಾಕ್ಟರ್ ಅಲ್ಲ ಎಂದರೆ, ಮತ್ತೆ ಇಷ್ಟು ದಿನ ಓದಿದ್ದೇನು ಅಂತ ಬೇಜಾರು ಬೇರೆ.)

ಕೊನೆಗೆ ಉಳಿದದ್ದು ಎರಡು ದಾರಿ. ಕೃಷ್ಣಗಿರಿಯಲ್ಲಿ ಎಂ.ಎಸ್ಸಿ. ಸೀಟು. ಬಾಗಲೂರು ಕಡೆ ಔಷಧಿ ಫ್ಯಾಕ್ಟರಿಯಲ್ಲಿ ಕೆಲಸ. ಎರಡಕ್ಕೂ ಸೋಮವಾರವೇ ಕಡೆಯ ದಿನ. ಸುಮಾಗೆ ಓದುವ ಆಸೆ. ಅಕ್ಕನಿಗೆ ಮಗಳು ಕೆಲಸಕ್ಕೆ ಸೇರಿದರೆ ಸಾಕು. ನನಗೆ? ಯಾರು ಕೊನೆಯಲ್ಲಿ ಮಾತಾಡಿದರೋ ಅವರದೇ ಸರಿ ಅನ್ನಿಸುತ್ತಿತ್ತು.

"ಊರಮ್ಮನ್ನೇ ಕೇಳ್ಬುಡಾನ" ಎಂದಳು ಅಕ್ಕ.

ಹೂ ಕೇಳುವುದು ಗೊತ್ತಲ್ಲ? ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ದೇವಿಯ ಅಪ್ಪಣೆ.

"ಪೇಪರ್‌ಗೆ ಬರೆಯೋನು ನೀನು, ನೀನೇ ಬೇಡ್ಕೊಳ್ಳಲಾ" ಎಂದು ಅಕ್ಕ ನನ್ನನ್ನು ಮುಂದೆ ತಳ್ಳಿದಳು.

ಗಟ್ಟಿಯಾಗಿಯೇ ಬೇಡಿಕೊಂಡೆ. "ತಾಯಿ, ಬಲಗಡೆ ಬಿದ್ರೆ ಓದು. ಎಡಗಡೆ ಬಿದ್ರೆ ಕೆಲಸ."

ಸ್ವಲ್ಪ ಹೊತ್ತಿಗೆ ನನ್ನ ಬಲಗೈ ಕಡೆಯ ಹೂವು ಜಾರಿತು. "ಓದು!" ಎಂದು ಕೂಗಿಯೇಬಿಟ್ಟೆ. ಸುಮಾ ಮುಖ ಅರಳಿತು.

"ಅದು ನಿನ್ನ ಬಲ ಕಣ್ಲಾ. ಊರಮ್ಮನಿಗೆ ಎಡ" ಎಂದಳು ಅಕ್ಕ.

ಅರೆ! ಬೇಡಿಕೊಂಡವನು ನಾನು. ನನ್ನ ಮನಸ್ಸಿನಲ್ಲಿದ್ದದ್ದು ನನ್ನ ಬಲ. ಎಲ್ಲರ ಮನಸ್ಸು ತಿಳಿದ ತಾಯಿಗೆ ಅಷ್ಟೂ ತಿಳಿಯುವುದಿಲ್ಲವೇ? ಪೂಜಾರಿಯ ಮುಖ ನೋಡಿದೆ. ಅವರು ಬೇರೆಯವರಿಗೆ ತೀರ್ಥ ಕೊಡುವುದರಲ್ಲಿ ಬಿಜಿ. (ಬುದ್ಧಿವಂತರು.)

ಅಕ್ಕ ಬಿಡಲಿಲ್ಲ, ನಾನೂ ಬಿಡಲಿಲ್ಲ. ಸುಮಾ ಸುಮ್ಮನಿದ್ದಿದ್ದರೆ ಹೇಗೋ ವಾದ ಮಾಡಿ ಗೆದ್ದುಬಿಡುತ್ತಿದ್ದೆ.

"ಅಮ್ಮ ಹೇಳಿದ್ದೇ ಸರಿ ಮಾವ" ಎಂದಳು ಹುಡುಗಿ. "ನಾವು ಚಾರ್ಟಲ್ಲಿ ಹೃದಯ ಬರೆದ್ರೂ ಆ ದೇಹದ ಎಡ ಬಲನೇ ಲೆಕ್ಕ. ಎದ್ರುಗೆ ನಿಂತು ನೋಡೋರ್ದಲ್ಲ."

ಅಷ್ಟು ಹೇಳಿ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ಅಕ್ಕ ಮಾತ್ರ ಹಿಗ್ಗಿ ಹೀರೇಕಾಯಿ ಆಗಿದ್ದಳು. "ನೋಡ್ದಾ? ಓದ್ದೋಳು ಅಂದ್ರೆ ಇವ್ಳು!"

ನಾಳೆ ಸೋಮವಾರ. ಸುಮಾ ಬಾಗಲೂರು ಬಸ್ಸು ಹತ್ತುತ್ತಾಳಂತೆ. ಅಕ್ಕನಿಗೆ ಫೋನ್ ಮಾಡಲೇ, ಬೇಡವೇ? ಬೆಳಗಿನಿಂದ ಮೊಬೈಲ್ ಹಿಡಿದು ಕೂತಿದ್ದೇನೆ. ದೇವಿಯ ಅಪ್ಪಣೆ ಮೀರು ಎನ್ನುವ ಧೈರ್ಯ ನನಗಿಲ್ಲ. ಸುಮ್ಮನಿರಲೂ ಆಗುತ್ತಿಲ್ಲ.

ತನಗೇ ನಷ್ಟವಾದರೂ ಸರಿಯಾದ ಉತ್ತರ ಹೇಳುವ ಹುಡುಗಿಗೆ ಓದು ಸಾಕು ಎನ್ನುವ ನಮಗೆ, ಹೂವು ಎಡಕ್ಕೆ ಬಿದ್ದರೇನು, ಬಲಕ್ಕೆ ಬಿದ್ದರೇನು?