ಕಿತ್ತಳೆ ಮುಳ್ಳಿನ ವಾಚು

ಶ್ರೀಪಾದ ಅಂಕಲ್ ಚಳಿಗಾಲದಲ್ಲಿ ವಾಚನ್ನು ಜಾಕೆಟ್ಟಿನ ತೋಳಿನ ಮೇಲೆ ಕಟ್ಟುತ್ತಿದ್ದರು. ಸೀಕಾಕಸ್ ಸ್ಟೇಷನ್ನಿನಲ್ಲಿ ಎಲ್ಲರೂ ಕೈಗಳನ್ನು ಜೇಬಿಗಿಳಿಸಿ ನಿಂತಿದ್ದರೆ ಇವರೊಬ್ಬರು ಎಡಗೈ ಚಾಚಿಕೊಂಡು ನಿಂತಿರುತ್ತಿದ್ದರು. ಯಾರಾದರೂ ವಾಚಿನ ಬಗ್ಗೆ ಕೇಳಲಿ ಎಂಬ ಆಸೆ. ಕೇಳಿದವರ ಟ್ರೇನು ತಪ್ಪುತ್ತಿತ್ತು.

ಧಾರವಾಡದವರು, ಸೇತುವೆಗಳ ಎಂಜಿನಿಯರ್, ನಮ್ಮ ಪಕ್ಕದ ಮನೆ. ಹತ್ತಾರು ಹಳೆಯ ವಾಚುಗಳಿದ್ದರೂ ಅವರ ಜೀವವಿದ್ದದ್ದು ಒಂದು ಕ್ರೋನೋಗ್ರಾಫ್‌ನಲ್ಲಿ; ಅಂದರೆ ಒಳಗೇ ಸ್ಟಾಪ್‌ವಾಚ್ ಇರುವಂಥದ್ದು. ಅದರ ನೀಲಿ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಎರಡು ಪುಟ್ಟ ಬಿಳಿ ವೃತ್ತ, ಅಂಚಿಗೆ ಹಳದಿ, ಗುಂಡಿ ಒತ್ತಿದರೆ ಓಡುವ ಉದ್ದನೆಯ ಕಿತ್ತಳೆ ಮುಳ್ಳು. "ಈ ಬಣ್ಣ ಯಾವ ಕಾರ್ಖಾನ್ಯಾಗೂ ಆಗೂದಿಲ್ಲ ತಮ್ಮಾ, ಐವತ್ತು ವರ್ಷ ಬಿಸಲಾಗ ತಿರಗಬೇಕು" ಎನ್ನುತ್ತಿದ್ದರು. ಹಳೆಯ ವಾಚಿನ ಮುಖ ತೊಳೆಯುವುದು ಅವರ ಪ್ರಕಾರ ಮಹಾಪಾಪ.

ಕನ್ನಡ ಕೂಟದ ಅಧ್ಯಕ್ಷರು ವೇದಿಕೆಯಲ್ಲಿ "ಎರಡೇ ಮಾತು" ಎಂದ ಕೂಡಲೇ ಅಂಕಲ್ ಟಕ್ಕನೆ ಗುಂಡಿ ಒತ್ತುತ್ತಿದ್ದರು. ಆಮೇಲೆ ಊಟದ ಸಾಲಿನಲ್ಲಿ ಅಧ್ಯಕ್ಷರಿಗೇ ಒಪ್ಪಿಸುತ್ತಿದ್ದರು: "ನಿಮ್ಮ ಎರಡು ಮಾತು ಇಪ್ಪತ್ತಾರು ನಿಮಿಷ ಆತ್ರಿ."

ಅವರ ಹೆಂಡತಿ ಇಂದೂ ಆಂಟಿ ಆಯುಧಪೂಜೆಗೆ ಲ್ಯಾಪ್‌ಟಾಪ್, ಮಿಕ್ಸರ್‌ಗಳ ಜೊತೆ ವಾಚುಗಳನ್ನೂ ಸಾಲಾಗಿ ಇಡುತ್ತಿದ್ದರು. ಒಂದು ವರ್ಷ ಒದ್ದೆ ಕುಂಕುಮ ಹಚ್ಚುವಾಗ ಗಾಜಿನ ಬಿರುಕಿನೊಳಗೆ ನೀರಿಳಿದು, ಬಿಳಿ ವೃತ್ತದಲ್ಲಿ ಸಾಸಿವೆಯಷ್ಟು ಕೆಂಪು ಕಲೆ ಕೂತಿತು. "ನಮ್ಮಾಕಿ ದೇವರಿಗೆ ಕೈ ಮುಗದು ನನ್ನ ವಾಚಿನ ಮಾನ ಕಳದ್ಲು" ಎಂದು ಅಂಕಲ್ ಮನೆಗೆ ಬಂದವರಿಗೆಲ್ಲ ದೂರು ಹೇಳಿದರು. ಮುಂದಿನ ದಸರೆಗೆ ಆಂಟಿ ಇರಲಿಲ್ಲ. ದೂರು ಮಾತ್ರ ನಿಲ್ಲಲಿಲ್ಲ. ಅದೇ ಸಿಡುಕು, ಅದೇ ಮಾತು. ಆದರೆ ವಾಚು ತೋರಿಸುವಾಗ ಅವರ ಹೆಬ್ಬೆರಳು ಮೊದಲು ಹೋಗುತ್ತಿದ್ದುದು ಆ ಕಲೆಯ ಮೇಲೆ. ನಾನು ದಡ್ಡ, ಹೆಬ್ಬೆರಳನ್ನು ನೋಡದೆ ಸಿಡುಕನ್ನು ನಂಬಿದೆ.

ಹೋದ ವರ್ಷ ಕಿತ್ತಳೆ ಮುಳ್ಳು ಅರ್ಧದಲ್ಲೇ ನಿಲ್ಲತೊಡಗಿತು. ಅಂಕಲ್‌ಗೆ ಮಂಡಿ ಆಪರೇಷನ್ ಆಗಿದ್ದರಿಂದ ಮ್ಯಾನ್‌ಹಟನ್ನಿನ ರಿಪೇರಿಯವನಿಗೆ ನಾನೇ ಒಯ್ದುಕೊಟ್ಟೆ. ವಾರದ ಮೇಲೆ ಅವನ ಮೆಸೇಜ್ ಬಂತು: ಬಿರುಕು ಬಿಟ್ಟ ಗಾಜು ಬದಲಿಸಲೇ, ಒಳಗಿನ ಕೆಂಪು ಕಲೆ ತೆಗೆಯಲೇ ಎಂದು. ನಾನು ಮೀಟಿಂಗಿನಲ್ಲಿದ್ದೆ. ಯೆಸ್ ಪ್ಲೀಸ್ ಎಂದು ಕಳಿಸಿದೆ. ಅಂಕಲ್‌ಗೆ ಖುಷಿಯಾದೀತು ಎಂದೂ ಅನಿಸಿತು.

ವಾಚು ಕೈಗೆ ಬಂದಾಗ ಅವರು ಗುಂಡಿ ಒತ್ತಿದರು. ಮುಳ್ಳು ಸರಾಗವಾಗಿ ಓಡಿತು.

"ಕಲೆನೂ ತೆಗೆಸಿದೀನಿ ಅಂಕಲ್" ಎಂದೆ.

ಕನ್ನಡಕ ಹಣೆಗೇರಿಸಿ, ವಾಚನ್ನು ಕಣ್ಣಿನ ಹತ್ತಿರ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡಿದರು. ಹೆಬ್ಬೆರಳು ಗಾಜಿನ ಮೇಲೆ ಸುಮ್ಮನೆ ಓಡಾಡಿತು.

"ಆಕಿ ಕೈಲೆ ಆಗಿದ್ದು ಅದೊಂದ ಉಳದಿತ್ತು ತಮ್ಮಾ" ಎಂದರು. ನನ್ನ ಮುಖ ನೋಡಿ, "ಇರಲಿ ಬಿಡು. ಚಹಾ ಕುಡಿತೀಯೇನು?"

ಕುಡಿದೆ. ತಪ್ಪಾಯಿತು ಎನ್ನದೆಯೇ ಎದ್ದು ಬಂದೆ.

ಆ ಚಳಿಗಾಲ ಅವರ ಜಾಕೆಟ್ಟಿನ ತೋಳು ಬರಿದಾಗಿತ್ತು. ಮಾರ್ಚ್‌ನಲ್ಲಿ ಅಂಕಲ್ ತೀರಿಕೊಂಡರು. ಪ್ರಿನ್ಸ್‌ಟನ್ನಿನಿಂದ ಬಂದ ಮಗಳು ಒಂದು ಡಬ್ಬಿಯನ್ನು ನನ್ನ ಕೈಗಿಟ್ಟು, ಇದು ನಿಮಗೇ ಸೇರಬೇಕು ಅಂತ ಅಪ್ಪ ಹೇಳಿದ್ದರು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಥ್ಯಾಂಕ್ಸ್ ಎಂದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಈ ಸಲದ ಆಯುಧಪೂಜೆಗೆ ಕಾರಿನ ಕೀಲಿ, ಲ್ಯಾಪ್‌ಟಾಪಿನ ಪಕ್ಕ ಆ ವಾಚನ್ನೂ ಇಟ್ಟೆ. ಹೆಂಡತಿ ಕುಂಕುಮದ ಬಟ್ಟಲು ಹಿಡಿದು, ಇದಕ್ಕೂ ಹಚ್ಚಲೇ ಎಂದು ಕೇಳಿದಳು. ಹಚ್ಚು, ಒದ್ದೆ ಮಾಡಿಯೇ ಹಚ್ಚು ಎಂದೆ. ಹೊಸ ಗಾಜಿನಲ್ಲಿ ಎಲ್ಲೂ ಬಿರುಕಿರಲಿಲ್ಲ. ಮರುದಿನ ಬಟ್ಟೆಯಿಂದ ಒರೆಸಿದಾಗ ಕುಂಕುಮ ಒಂದೇ ಸಲಕ್ಕೆ ಹೋಯಿತು.